ಮಳೆಗಾಲದಲ್ಲಿ ಬಾಗಿಲು ಹೆರೆಯಬೇಡಿ: ರಾಯಚೂರಿನ ಬಿಸಿಲಲ್ಲಿ ಭಾನುವಾರದ ಬಡಿಗತನ

ನಾನು ಬಡಿಗನಲ್ಲ. ವಾರಕ್ಕೆ ಆರು ದಿನ ಕುರ್ಚಿ ಮೇಲೆ ಕೂತು ಲೆಕ್ಕ ಬರೆಯುವುದು ನನ್ನ ಕೆಲಸ. ಏಳನೇ ದಿನ ಮನೆಯ ಯಾವುದಾದರೂ ಕುರ್ಚಿ ಬಿಚ್ಚಿಕೊಂಡು ಅಂಗಳದಲ್ಲಿ ಕೂರುವುದು ಚಟ.

ಚಟ ಹತ್ತಿದ್ದು ಒಂದು ಬಾಗಿಲಿನಿಂದ. ಸೆಪ್ಟೆಂಬರ್ ತಿಂಗಳು, ರಾಯಚೂರಿನಲ್ಲಿ ನಾಲ್ಕು ದಿನ ಬಿಡದೆ ಮಳೆ. ಹಿಂದಿನ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಹಾಕಲೂ ಬರುತ್ತಿರಲಿಲ್ಲ, ತೆಗೆಯಲೂ ಬರುತ್ತಿರಲಿಲ್ಲ. ಬಡಿಗರನ್ನು ಕರೆದರೆ ಹಬ್ಬ ಮುಗಿಯಲಿ ಅಂದರು. ಸರಿ, ನಾನೇ ಒಂದು ಕೀಸುಳಿ ತಂದು, ಅಂಚು ಹೆರೆದು ಹೆರೆದು, ಒಂದೇ ಬೆರಳಲ್ಲಿ ತಳ್ಳಿದರೆ ಆಡುವ ಹಾಗೆ ಮಾಡಿದೆ. ಮನೆಯವರೆಲ್ಲ ಹೊಗಳಿದರು. ಏಪ್ರಿಲ್ ಬಂತು. ಬಾಗಿಲಿಗೂ ಚೌಕಟ್ಟಿಗೂ ನಡುವೆ ಹಲ್ಲಿ ಸಲೀಸಾಗಿ ಹಾಯುವಷ್ಟು ಸಂದು, ಚಿಲಕ ತನ್ನ ತೂತನ್ನು ಮುಟ್ಟುವುದೇ ಇಲ್ಲ. ನಮ್ಮ ಓಣಿಯ ಬಡಿಗೇರ ಕಾಕಾ ನೋಡಿ ನಕ್ಕರು. “ತಮ್ಮಾ, ಹೆರಿಯಾಕ ಕೀಸುಳಿ ತಂದಿ ಸರಿ, ಹೆರದದ್ದು ಹಚ್ಚಾಕ ಏನ್ ತರ್ತಿ?”

ಅವತ್ತಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಾಗಿಲು, ಒಂದು ಮಣೆ, ಗೆದ್ದಲು ತಿಂದ ಚೌಕಟ್ಟು, ಜೊತೆಗೆ ಒಂದೆರಡು ಚಿಲ್ಲರೆ ಕೆಲಸ. ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಮನೆ ಇರುವವರಿಗೆ ಜಾಸ್ತಿ ಉಪಯೋಗವಾಗಬಹುದು. ಯಾಕೆಂದರೆ ನಮ್ಮ ಬಿಸಿಲು, ನಮ್ಮ ಎರೆ ಮಣ್ಣು, ಎರಡೂ ಕಟ್ಟಿಗೆ ಜೊತೆ ಆಟ ಆಡುತ್ತವೆ.

ಕಟ್ಟಿಗೆ ಯಾವ ಕಡೆ ಹಿಗ್ಗುತ್ತದೆ

ಕಟ್ಟಿಗೆ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಇದು ಎಲ್ಲರಿಗೂ ಗೊತ್ತು. ಯಾವ ಕಡೆಗೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಉದ್ದಕ್ಕೆ, ಅಂದರೆ ಎಳೆ ಓಡುವ ದಿಕ್ಕಿಗೆ, ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಅಗಲಕ್ಕೇ ಎಲ್ಲ. ಅದರಲ್ಲೂ ಹಲಗೆಯ ತುದಿ ನೋಡಿ: ಮರದ ಸುತ್ತುಗೆರೆಗಳು ಅಲ್ಲಿ ಚಾಪೆ ಹಾಗೆ ಮಲಗಿದ್ದರೆ ಆ ಹಲಗೆ ಜಾಸ್ತಿ ಆಡುತ್ತದೆ, ನೆಟ್ಟಗೆ ನಿಂತಿದ್ದರೆ ಅದರ ಅರ್ಧದಷ್ಟು.

ಬಡಿಗರ ಅಳತೆಯಲ್ಲಿ ಇಂಚಿಗೆ ಎಂಟು ನೂಲು, ಕೆಲವರು ಸೂತು ಅಂತಾರೆ. ಒಂದು ನೂಲು 3 ಮಿಲಿಮೀಟರಿಗೆ ಸ್ವಲ್ಪ ಮೇಲೆ. ಸಾಗವಾನಿ ಕಡಿಮೆ ಆಡುವ ಜಾತಿ. ಆದರೂ ಗೆರೆ ಮಲಗಿದ 12 ಇಂಚು ಅಗಲದ ಸಾಗವಾನಿ ಹಲಗೆ ಬೇಸಿಗೆಯ ಕೊನೆಗೂ ಮಳೆಗಾಲದ ಕೊನೆಗೂ ನಡುವೆ ಹತ್ತಿರ ಹತ್ತಿರ ಒಂದು ನೂಲು ವ್ಯತ್ಯಾಸ ತೋರಿಸುತ್ತದೆ. ಹಳೆ ಬಾಗಿಲುಗಳನ್ನು ಬಿಚ್ಚಿದರೆ ನಡುವಿನ ಹಲಗೆಯನ್ನು ಸುತ್ತಲಿನ ಪಟ್ಟಿಯ ತೋಡಿನಲ್ಲಿ ಸಡಿಲವಾಗಿ ಕೂರಿಸಿರುವುದು ಕಾಣುತ್ತದೆ. ಅಂಟೂ ಇಲ್ಲ, ಮೊಳೆಯೂ ಇಲ್ಲ. ಹಿಗ್ಗಲಿ ಕುಗ್ಗಲಿ ಅಂತ ಬೇಕೆಂದೇ ಜಾಗ ಬಿಟ್ಟಿರುತ್ತಾರೆ.

ಪ್ಲೈವುಡ್ ಹೀಗಲ್ಲ. ಅದರ ಪದರುಗಳು ಒಂದು ಉದ್ದ ಒಂದು ಅಡ್ಡ ಇರುವುದರಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಆದರೆ ನೀರು ಅದಕ್ಕೆ ಬೇರೆ ಥರ ಶತ್ರು. ಕೊಳ್ಳುವಾಗ ಹಾಳೆ ಮೇಲೆ ಭಾರತೀಯ ಮಾನಕದ ನಂಬರು ಐಎಸ್ 303 ಇದೆಯೋ ಐಎಸ್ 710 ಇದೆಯೋ ನೋಡಿ. 710 ಅಂದರೆ ಮರೀನ್ ಪ್ಲೈ, ಸಿಂಕ್ ಕೆಳಗಿನ ಬಾಗಿಲಿಗೆ ಅದು. 303ರಲ್ಲೇ ಎರಡು ದರ್ಜೆ ಇವೆ. ಎಂಆರ್ ಅಂದರೆ ಒಣ ಕೋಣೆಯ ಕಪಾಟಿಗೆ ಸಾಕು, ಬಿಡಬ್ಲ್ಯುಆರ್ ಸ್ವಲ್ಪ ನೀರು ತಡೆಯುತ್ತದೆ. ಅಂಗಡಿಯವರು ಎಲ್ಲವನ್ನೂ ‘ವಾಟರ್‌ಪ್ರೂಫ್’ ಅನ್ನುತ್ತಾರೆ, ಮುದ್ರೆ ನೋಡಿಯೇ ನಂಬಿ.

ಬಾಗಿಲು ಕಚ್ಚಿದರೆ

ಕೀಸುಳಿ ಪಕ್ಕಕ್ಕಿಡಿ. ಮೊದಲು ಯಾಕೆ ಕಚ್ಚುತ್ತಿದೆ ಅಂತ ಹುಡುಕಬೇಕು. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಕೀಲಿನ ಸ್ಕ್ರೂ ಸಡಿಲ, ಕಟ್ಟಿಗೆ ತೇವ ಕುಡಿದಿದೆ, ಇಲ್ಲವೇ ಚೌಕಟ್ಟೇ ಓರೆಯಾಗಿದೆ.

ಬಾಗಿಲನ್ನು ಅರ್ಧ ತೆರೆದು ಹಿಡಿಕೆ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಮೇಲಿನ ಕೀಲಿನ ಹತ್ತಿರ ಟಕ್ ಅಂತ ಅಲ್ಲಾಡಿದರೆ ಅರ್ಧ ಕೆಲಸ ಮುಗಿದ ಹಾಗೆ, ರೋಗ ಸಿಕ್ಕಿತು. ಬಾಗಿಲ ಕೆಳಗೆ ಎರಡು ಬೆಣೆ ತೂರಿಸಿ ಭಾರ ಹೊರಿಸಿ. ಒಂದು ಸ್ಕ್ರೂ ಮಾತ್ರ ಬಿಚ್ಚಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಬಾಗಿಲು ನಿಮ್ಮ ಕಾಲ ಮೇಲೆ ಬರುತ್ತದೆ. ತೂತಿನೊಳಗೆ ಫೆವಿಕಾಲ್ ಹಚ್ಚಿದ ಬಿದಿರು ಕಡ್ಡಿಗಳನ್ನು ಬಿಗಿಯಾಗಿ ತುಂಬಿ, ಹೊರಗೆ ಉಳಿದದ್ದನ್ನು ಉಳಿಯಿಂದ ಸಮ ಮಾಡಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಸಣ್ಣ ತೂತು ಕೊರೆದು ಅದೇ ಸ್ಕ್ರೂ ಹಾಕಿ, ಆಮೇಲೆ ಮುಂದಿನದು. ಚೌಕಟ್ಟು ದಪ್ಪಗಿದ್ದರೆ 1 ಇಂಚಿನ ಸ್ಕ್ರೂ ಬದಲು 2 ಇಂಚಿನದು ಹಾಕಿದರೂ ನಡೆಯುತ್ತದೆ. ಬೆಂಕಿಕಡ್ಡಿ ತುಂಬುವವರೂ ಇದ್ದಾರೆ. ಮದ್ದು ಇರುವ ತಲೆ ಮುರಿದು ಹಾಕಿ, ಆದರೆ ಬಿದಿರು ಇನ್ನೂ ಗಟ್ಟಿ.

ಕೀಲು ಸರಿ ಇದ್ದರೆ, ಚೌಕಟ್ಟಿನ ಒಳ ಅಂಚಿಗೆ ಸೀಮೆಸುಣ್ಣ ಬಳಿದು ಬಾಗಿಲು ಹಾಕಿ ತೆಗೆಯಿರಿ. ಬಾಗಿಲಿಗೆ ಬಿಳಿ ಅಂಟಿದ ಕಡೆಯೇ ಉಜ್ಜುತ್ತಿರುವ ಜಾಗ. ಚಿಲಕದ ಬದಿ ಉದ್ದಕ್ಕೂ ಅಂಟಿದ್ದರೆ ತೇವದ ಕೆಲಸ. ಮಳೆಗಾಲವಾಗಿದ್ದರೆ ಅಲ್ಲಿ ಮೇಣದಬತ್ತಿ ಚೆನ್ನಾಗಿ ತಿಕ್ಕಿ ದಿನ ದೂಡಿ, ಪೆನ್ಸಿಲಿನಿಂದ ಗುರುತು ಹಾಕಿಡಿ. ನವೆಂಬರ್ ಕಳೆದ ಮೇಲೆ ಮತ್ತೆ ನೋಡಿ. ತಾನೇ ಬಿಟ್ಟಿದ್ದರೆ ಹೆರೆಯುವ ಮಾತೇ ಇಲ್ಲ. ಇನ್ನೂ ಕಚ್ಚುತ್ತಿದ್ದರೆ ಗುರುತು ಹಾಕಿದಷ್ಟೇ ಹೆರೆಯಿರಿ, ಮಳೆಗಾಲಕ್ಕೆ ಅಂತ ಸಂದು ಅರ್ಧ ನೂಲು ಜಾಸ್ತಿ ಬಿಡಿ, ಅಷ್ಟೇ. ತಡೆಯಲಾಗದೆ ಮಳೆಗಾಲದಲ್ಲೇ ಹೆರೆಯಬೇಕಾಗಿ ಬಂದರೆ, ಒಂದು ಕಾಗದ ಉಜ್ಜಿಕೊಂಡು ಹಾಯುವಷ್ಟಕ್ಕೆ ನಿಲ್ಲಿಸಿ. ಒಂದೇ ಬೆರಳಲ್ಲಿ ಆಡಬೇಕು ಅನ್ನುವ ಆಸೆ ಬೇಡ. ನನ್ನ ಕಥೆ ಕೇಳಿದ್ದೀರಲ್ವಾ.

ಬಾಗಿಲ ಮೇಲಂಚು ಅಥವಾ ಕೆಳಂಚು ಹೆರೆಯುವಾಗ ಎರಡೂ ತುದಿಯಿಂದ ನಡುವಿಗೆ ಬನ್ನಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದರೆ ಕೊನೆಯಲ್ಲಿ ಬದಿಯ ಪಟ್ಟಿ ಚಕ್ಕೆ ಎದ್ದು ಹೋಗುತ್ತದೆ. ಫ್ಲಶ್ ಡೋರ್, ಅಂದರೆ ಎರಡೂ ಬದಿಗೆ ಪ್ಲೈ ಅಂಟಿಸಿದ ಸಪಾಟು ಬಾಗಿಲು ಆಗಿದ್ದರೆ ಇನ್ನೂ ಹುಷಾರು. ಅದರ ಅಂಚಿನಲ್ಲಿ ಇರುವುದು ತೆಳ್ಳನೆ ಪಟ್ಟಿ, ಒಂದೆರಡು ನೂಲಿಗಿಂತ ಜಾಸ್ತಿ ತೆಗೆಯಬೇಡಿ.

ಹೆರೆದ ಮೇಲೆ ಎಲ್ಲರೂ ಬಿಟ್ಟುಬಿಡುವ ಕೆಲಸ ಒಂದಿದೆ. ಹೆರೆದ ಅಂಚಿಗೆ ಅವತ್ತೇ ವಾರ್ನಿಶ್ ಅಥವಾ ಪೇಂಟ್ ಹಚ್ಚಬೇಕು. ಹಾಗೇ ಒಂದು ಕನ್ನಡಿಯನ್ನು ನೆಲಕ್ಕಿಟ್ಟು ಬಾಗಿಲ ಕೆಳಗಿನ ಅಂಚು ನೋಡಿ. ಎಷ್ಟೋ ಮನೆಗಳಲ್ಲಿ ಅಲ್ಲಿಗೆ ಪೇಂಟೇ ಮುಟ್ಟಿರುವುದಿಲ್ಲ, ಯಾಕೆಂದರೆ ಕಣ್ಣಿಗೆ ಕಾಣುವುದಿಲ್ಲ. ಕಟ್ಟಿಗೆ ನೀರು ಕುಡಿಯುವುದು ಎಳೆಯ ತುದಿಗಳಿಂದಲೇ ಜಾಸ್ತಿ. ದಿನಾ ನೆಲ ಒರೆಸುವ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಒಮ್ಮೆ ಬಾಗಿಲು ಇಳಿಸಿ ಮೇಲೆ ಕೆಳಗೆ ಎರಡು ಕೋಟ್ ಹೊಡೆದರೆ ಮುಂದಿನ ಮಳೆಗಾಲದ ಜಗಳ ಅರ್ಧ ಕಡಿಮೆ.

ಮೂರನೆಯ ಕಾರಣ ನಮ್ಮ ಊರುಗಳದ್ದು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ಪಾಯ ಸಾಲದೆ ಕೂತ ಮನೆ ಸ್ವಲ್ಪ ಸ್ವಲ್ಪ ಅಲುಗುತ್ತದೆ, ಚೌಕಟ್ಟು ಓರೆಯಾಗುತ್ತದೆ. ಟೇಪ್ ಹಿಡಿದು ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ ಒಂದೇ ಬಂದರೆ, ಅಥವಾ ಒಂದೆರಡು ನೂಲು ಹೆಚ್ಚುಕಡಿಮೆಯಾದರೆ, ಪರವಾಗಿಲ್ಲ. ಅರ್ಧ ಇಂಚು ವ್ಯತ್ಯಾಸ ಬಂದು, ಚೌಕಟ್ಟಿನ ಮೇಲಿನ ಮೂಲೆಯಿಂದ ಗೋಡೆಯಲ್ಲಿ ಓರೆಯಾಗಿ ಬಿರುಕು ಹೋಗಿದ್ದರೆ, ಬಾಗಿಲನ್ನು ಎಷ್ಟು ಹೆರೆದರೂ ಸುಮ್ನೆ. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು, ನಡುವಿನ ಅಳತೆ ಮತ್ತು ತಾರೀಕು ಗೋಡೆ ಮೇಲೇ ಬರೆದು, ತಿಂಗಳಿಗೊಮ್ಮೆ ನೋಡಿ. ಮಳೆಗಾಲ ಬೇಸಿಗೆ ಅಂತ ಹೋಗಿ ಬಂದು ಮಾಡುತ್ತಿದ್ದರೆ ಮಣ್ಣಿನ ಉಸಿರು ಅಷ್ಟೇ. ಒಂದೇ ಸಮನೆ ಅಗಲವಾಗುತ್ತಾ ಹೋದರೆ ಬಡಿಗನೂ ಬೇಡ, ಗೌಂಡಿಯೂ ಬೇಡ, ಎಂಜಿನಿಯರನ್ನು ಕರೆಯಿರಿ. ಗೋಡೆಯ ಬುಡದಲ್ಲಿ ಮಳೆನೀರು, ಬಚ್ಚಲು ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದು ಮಾತ್ರ ನೀವೇ ಮಾಡಬಹುದಾದದ್ದು.

ಕಟ್ಟಿಗೆ ಎಲ್ಲಿಂದ, ಯಾವ ಸಾಮಾನು

ಹೊಸಬರಿಗೆ ನನ್ನ ಸಲಹೆ ಹಳೆ ಮನೆಯ ಕಟ್ಟಿಗೆ. ನಮ್ಮ ಕಡೆ ಮಾಳಿಗೆ ಮನೆಗಳನ್ನು ಕೆಡವಿ ಆರ್‌ಸಿಸಿ ಕಟ್ಟುತ್ತಲೇ ಇದ್ದಾರೆ. ಜಂತಿ, ತೊಲೆ, ಕದ, ಕಿಟಕಿ ಎಲ್ಲ ಮಾರಾಟಕ್ಕೆ ಬರುತ್ತವೆ. ಎಷ್ಟೋ ವರ್ಷ ಮಾಳಿಗೆಯಲ್ಲಿ ಒಣಗಿದ ಸಾಗವಾನಿಯೋ ಬೇವೋ ಸಿಕ್ಕರೆ ಹಸಿ ಕಟ್ಟಿಗೆ ಒಣಗುವಾಗ ಆಗುವ ಕುಗ್ಗು, ಡೊಂಕು ಬಹುಪಾಲು ಮುಗಿದಿರುತ್ತದೆ. ತರುವ ಮುಂಚೆ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ, ಬೆಣ್ಣೆ ಹಾಗೆ ಒಳಗೆ ಹೋದರೆ ಬಿಟ್ಟುಬಿಡಿ. ಮನೆಗೆ ತಂದ ಮೇಲೆ ಹಳೆ ಸ್ಪೀಕರಿನ ಅಯಸ್ಕಾಂತವನ್ನು ಮೇಲೆಲ್ಲ ಆಡಿಸಿ ಮೊಳೆ ಹುಡುಕಿ. ಒಂದು ಮುರಿದ ಮೊಳೆ ಸಾಕು, ಹರಿತ ಮಾಡಿದ ಕೀಸುಳಿಯ ಅಲಗು ಗರಗಸದ ಹಾಗಾಗುತ್ತದೆ.

ಕಟ್ಟಿಗೆ ಅಡ್ಡೆಯಲ್ಲಿ ಹೊಸದು ಕೊಂಡರೆ ಲೆಕ್ಕ ಘನ ಅಡಿಯಲ್ಲಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 6 ಅಡಿ ಉದ್ದ, 8 ಇಂಚು ಅಗಲ, 1 ಇಂಚು ದಪ್ಪ ಅಂದರೆ 48 ಭಾಗಿಸು 144, ಒಂದು ಘನ ಅಡಿಯ ಮೂರನೇ ಒಂದು ಪಾಲು. ಈ ಲೆಕ್ಕ ಬಾಯಲ್ಲಿದ್ದರೆ ಅಡ್ಡೆಯವರು ಮಾತಾಡುವ ಧಾಟಿಯೇ ಬದಲಾಗುತ್ತದೆ. ಬಿಳಿ ಬಣ್ಣದ ಹೊರಭಾಗ ಕಡಿಮೆ ಇದ್ದು ಚೇಗು ಜಾಸ್ತಿ ಇರುವ ಹಲಗೆ ಆರಿಸಿ. ಹುಳ ಮೊದಲು ಬಾಯಿ ಹಾಕುವುದು ಬಿಳಿ ಭಾಗಕ್ಕೆ.

ಇನ್ನು ಬಳ್ಳಾರಿ ಜಾಲಿ. ಬೇರೆ ದೇಶದಿಂದ ಬಂದು, ಬಳ್ಳಾರಿ ಹೆಸರು ಅಂಟಿಸಿಕೊಂಡು, ನಮ್ಮ ಬೀಳು ಹೊಲಗಳನ್ನೆಲ್ಲ ನುಂಗಿದ ಗಿಡ ಅದು. ಎಲ್ಲರೂ ಬೈಯುವವರೇ, ಒಲೆಗೆ ಮತ್ತು ಇದ್ದಲಿಗೆ ಬಿಟ್ಟರೆ ಬೇರೆ ಉಪಯೋಗ ಗೊತ್ತಿಲ್ಲ. ಆದರೆ ಅದರ ಚೇಗು ಗಟ್ಟಿ, ಒಣಗಿದ ಮೇಲೆ ಹಿಗ್ಗುವುದು ಕುಗ್ಗುವುದು ತುಂಬಾ ಕಡಿಮೆ, ಬಣ್ಣವೂ ಚೆಂದ. ಡೊಂಕು ಜಾಸ್ತಿ, ಉದ್ದ ಹಲಗೆ ಸಿಗುವುದಿಲ್ಲ ಅನ್ನುವುದೇ ಕೊರತೆ. ಉಳಿಯ ಹಿಡಿ, ಸುತ್ತಿಗೆ ಕಾವು, ಗೂಟ, ಬೆಣೆ ಇವಕ್ಕೆ ನಾನು ಅದನ್ನೇ ಬಳಸುವುದು. ಹಸಿ ತುಂಡಿನ ಎರಡೂ ತುದಿಗೆ ಪೇಂಟ್ ಬಳಿದು ನೆರಳಲ್ಲಿ ಒಂದು ವರ್ಷ ಒಣಗಿಸಿ. ಬಿಸಿಲಲ್ಲಿ ಇಟ್ಟರೆ ವಾರದಲ್ಲಿ ಸೀಳುತ್ತದೆ.

ಸಾಮಾನು ಒಟ್ಟಿಗೆ ಕೊಳ್ಳಬೇಡಿ. ಟೇಪು, ಮೂಲೆಮಟ್ಟ, ಒಂದು ಕೈಗರಗಸ, ಸುತ್ತಿಗೆ, 6, 12 ಮತ್ತು 25 ಮಿಲಿಮೀಟರಿನ ಮೂರು ಉಳಿ, ಒಂದು ಕೀಸುಳಿ, ಡ್ರಿಲ್ ಮಷಿನ್, ಸಾಣೆಕಲ್ಲು. ಇಷ್ಟಕ್ಕೆ ಈ ಲೇಖನದ ಕೆಲಸವೆಲ್ಲ ಮುಗಿಯುತ್ತದೆ. ಹೊಸ ಉಳಿ ಅಂಗಡಿಯಿಂದ ಬಂದಾಗ ಹರಿತ ಇರುವುದಿಲ್ಲ, ಮೊದಲ ಭಾನುವಾರ ಸಾಣೆಗೇ ಹೋಗುತ್ತದೆ ಅಂದುಕೊಳ್ಳಿ. ಮೊಂಡ ಉಳಿಗೆ ಜಾಸ್ತಿ ಒತ್ತಬೇಕಾಗುತ್ತದೆ, ಅದು ಜಾರುವುದೂ ಆಗಲೇ. ಕಟ್ಟಿಗೆ ಹಿಡಿದ ಕೈ ಯಾವತ್ತೂ ಉಳಿಯ ಹಿಂದೆ ಇರಲಿ, ಮುಂದೆ ಬೇಡ.

ಟೈಲ್ಸ್ ಕೊಯ್ಯುವ ನಾಲ್ಕು ಇಂಚಿನ ಕಟರಿಗೆ ಹಲ್ಲಿನ ಬ್ಲೇಡ್ ಹಾಕಿ ಕಟ್ಟಿಗೆ ಕೊಯ್ಯುವುದು ನಮ್ಮಲ್ಲಿ ಎಲ್ಲ ಕಡೆ ಕಾಣುತ್ತದೆ. ದಿನಾ ಅದೇ ಕೆಲಸ ಮಾಡುವವರ ಕೈಯಲ್ಲೇ ಅದು ಒದೆಯುತ್ತದೆ. ವಾರಕ್ಕೊಮ್ಮೆ ಮುಟ್ಟುವ ನಮಗೆ ಅದು ಬೇಡವೇ ಬೇಡ. ಡ್ರಿಲ್ ಹಿಡಿಯುವಾಗಲೂ ಹೆಗಲ ಮೇಲಿನ ಟವೆಲ್ ತೆಗೆದಿಡಿ, ಲುಂಗಿ ಬದಲು ಪ್ಯಾಂಟ್ ಹಾಕಿ, ಕಣ್ಣಿಗೆ ಕನ್ನಡಕ ಇರಲಿ.

ಮೊದಲ ಕೆಲಸಕ್ಕೆ ಒಂದು ಮಣೆ

ಯೂಟ್ಯೂಬ್ ನೋಡಿ ಮೊದಲೇ ಕಾಫಿ ಟೇಬಲಿಗೆ ಕೈ ಹಾಕಿ ಅರ್ಧಕ್ಕೆ ಬಿಟ್ಟವರನ್ನು ಬಹಳ ನೋಡಿದ್ದೇನೆ. ನಾನೂ ಅವರಲ್ಲೊಬ್ಬ. ಮಣೆ ಮಾಡಿ. ಎರಡು ಭಾನುವಾರ ಸಾಕು, ಅಜ್ಜಿಯಿಂದ ಮಕ್ಕಳವರೆಗೆ ಕೂರುತ್ತಾರೆ, ಮತ್ತು ಬಡಿಗತನದ ಅರ್ಧ ಪಾಠ ಅದರಲ್ಲೇ ಇದೆ. ಬೇಸಿಗೆಯಾದರೆ ಬೆಳಗ್ಗೆ ಹತ್ತರೊಳಗೆ ಇಲ್ಲವೇ ಸಂಜೆ ಐದರ ಮೇಲೆ ಕೂರಿ. ಮಧ್ಯಾಹ್ನ ನಿಮಗೂ ತ್ರಾಸು, ಮಲಗಿದ ಪಕ್ಕದ ಮನೆಯವರಿಗೂ ತ್ರಾಸು.

ಅಳತೆ: ಮೇಲಿನ ಹಲಗೆ 16 ಇಂಚು ಉದ್ದ, 12 ಇಂಚು ಅಗಲ. 12 ಇಂಚಿನ ಒಂದೇ ಹಲಗೆ ಸಿಗುವುದು ಕಷ್ಟ, ಆದ್ದರಿಂದ 6 ಇಂಚಿಗೆ ಸ್ವಲ್ಪ ಮೇಲಿನ ಎರಡು ಹಲಗೆ, 18 ಇಂಚು ಉದ್ದ, ಹೆರೆದ ಮೇಲೆ 7 ನೂಲು ದಪ್ಪ ಬರಬೇಕು. ಕಾಲಿಗೆ 11 ಇಂಚು ಉದ್ದ, ಒಂದೂವರೆ ಇಂಚು ಅಗಲ, ಒಂದೂಕಾಲು ಇಂಚು ಎತ್ತರದ ಎರಡು ಪಟ್ಟಿ.

1. ಎರಡೂ ಹಲಗೆಯ ಕೂಡುವ ಅಂಚನ್ನು ಹೆರೆಯಿರಿ. ಒಂದರ ಮೇಲೊಂದು ನಿಲ್ಲಿಸಿ ಕಿಟಕಿ ಬೆಳಕಿಗೆ ಹಿಡಿಯಿರಿ. ಬೆಳಕು ಸೋರುವ ಕಡೆ ತಗ್ಗು, ಸೋರದ ಕಡೆ ಉಬ್ಬು. ಉಬ್ಬು ಮಾತ್ರ ತೆಗೆಯಿರಿ. ಇದಕ್ಕೇ ಒಂದು ಗಂಟೆ ಹೋದರೂ ಹೋಗಲಿ, ಸಂದನ್ನು ಫೆವಿಕಾಲ್ ತುಂಬುತ್ತದೆ ಅನ್ನುವ ನಂಬಿಕೆ ಸುಳ್ಳು.

2. ಅಂಟಿಸುವ ಮುಂಚೆ ಎಲ್ಲವನ್ನೂ ಒಮ್ಮೆ ಒಣದಾಗಿ ಜೋಡಿಸಿ ನೋಡಿ, ಹಗ್ಗ ಕೋಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ನಮ್ಮ ಬಿಸಿಲಲ್ಲಿ ಫೆವಿಕಾಲ್ ಐದೇ ನಿಮಿಷಕ್ಕೆ ಕೆನೆ ಕಟ್ಟಲು ಶುರುಮಾಡುತ್ತದೆ. ಕೆನೆ ಕಟ್ಟಿದ ಅಂಟು ಹಿಡಿದ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. ನೆರಳಲ್ಲಿ, ಫ್ಯಾನ್ ಆರಿಸಿ, ತೆಳ್ಳಗೆ ಹಚ್ಚಿ ತಕ್ಷಣ ಕೂಡಿಸಿ.

3. ಕ್ಲಾಂಪ್ ಇಲ್ಲವೇ? ಗಾಡಿಗೆ ಹೊರೆ ಬಿಗಿಯುವ ಹಾಗೆ ಬಿಗಿಯಿರಿ. ಹಲಗೆಗಳ ಸುತ್ತ ಎರಡು ಕಡೆ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುವಿ, ಕೋಲನ್ನು ಹಲಗೆಗೆ ಕಟ್ಟಿಬಿಡಿ. ಅಂಚಿಗೆ ಹಗ್ಗ ಕಚ್ಚದಂತೆ ರಟ್ಟು ಇಡಿ. ಹಲಗೆ ಬಿಲ್ಲಿನ ಹಾಗೆ ಬಾಗದಂತೆ ಮೇಲೆ ಒಂದು ಕಲ್ಲು. ಹೊರಗೆ ಬಂದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮರುದಿನದವರೆಗೆ ಮುಟ್ಟಬೇಡಿ.

4. ಬಿಚ್ಚಿದ ಮೇಲೆ ಎರಡೂ ಮುಖ ಹೆರೆದು, ಮೂಲೆಮಟ್ಟ ಇಟ್ಟು, ಪೆನ್ಸಿಲ್ ಬದಲು ಚಾಕುವಿನಲ್ಲಿ ಗೆರೆ ಎಳೆದು 16 ಇಂಚಿಗೆ ಕೊಯ್ಯಿರಿ. ಗರಗಸ ಗೆರೆಯ ಮೇಲೆ ಬೇಡ, ಬಿಸಾಡುವ ಕಡೆಗೆ ಓಡಲಿ. ಚಾಕುವಿನ ಗೆರೆ ಎಳೆಗಳನ್ನು ಮೊದಲೇ ಕಡಿದಿರುತ್ತದೆ, ಅಂಚು ಚಿಂದಿಯಾಗುವುದಿಲ್ಲ.

5. ಈಗ ಕಾಲು, ಈ ಕೆಲಸದ ಮುಖ್ಯ ಜಾಗ. ಕಾಲಿನ ಪಟ್ಟಿಗಳು ಹಲಗೆಯ ಎಳೆಗೆ ಅಡ್ಡ ಬರುತ್ತವೆ. ಹಲಗೆ ಅಗಲಕ್ಕೆ ಆಡುತ್ತದೆ, ಕಾಲು ಉದ್ದಕ್ಕೆ ಆಡುವುದಿಲ್ಲ. ಅಂಟು ಹಾಕಿ ಕಟ್ಟಿಹಾಕಿದರೆ ಮೊದಲ ಬೇಸಿಗೆಗೇ ಹಲಗೆ ಟಪ್ ಅಂತ ಸೀಳುತ್ತದೆ. ಅದಕ್ಕೇ ಕಾಲಿಗೆ ಅಂಟು ಬೇಡ, ಒಂದೊಂದು ಪಟ್ಟಿಗೆ ಕೆಳಗಿನಿಂದ ಮೂರು ಸ್ಕ್ರೂ ಮಾತ್ರ. ನಡುವಿನ ತೂತು 5 ಮಿಲಿಮೀಟರ್, ದುಂಡಗೆ. ಎರಡು ತುದಿಯ ತೂತುಗಳನ್ನು ಪಟ್ಟಿಯ ಉದ್ದಕ್ಕೆ 8 ಮಿಲಿಮೀಟರ್ ಆಗುವಂತೆ ಒತ್ತಾಗಿ ಎರಡು ಸಲ ಕೊರೆದು ಉದ್ದ ಮಾಡಿ. ಹಲಗೆ ಆಡಿದಾಗ ಸ್ಕ್ರೂ ಆ ಉದ್ದ ತೂತಿನಲ್ಲಿ ಜರುಗುತ್ತದೆ.

6. ಸ್ಕ್ರೂ 8 ನಂಬರಿನದು, ಒಂದೂಮುಕ್ಕಾಲು ಇಂಚು ಉದ್ದ. ಹಲಗೆಯಲ್ಲಿ 3 ಮಿಲಿಮೀಟರ್ ಡ್ರಿಲ್ ಬಿಟ್ಟಿನಿಂದ ಅರ್ಧ ಇಂಚು ಆಳಕ್ಕೆ ಮುಂಚೆಯೇ ಕೊರೆಯಿರಿ. ಆಳ ತಪ್ಪದಿರಲು ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿ, ಇಲ್ಲವಾದರೆ ಕೂರುವವರಿಗೆ ಗೊತ್ತಾಗುತ್ತದೆ. ಹಳೆ ಸಾಗವಾನಿ ಕಲ್ಲಿನ ಹಾಗಿರುತ್ತದೆ, ಸ್ಕ್ರೂಗೆ ಮೇಣ ತಿಕ್ಕಿ ಹಾಕಿ. ಹಿತ್ತಾಳೆ ಸ್ಕ್ರೂ ಆಗಿದ್ದರೆ ಮೊದಲು ಅದೇ ಅಳತೆಯ ಕಬ್ಬಿಣದ್ದು ಹಾಕಿ ತೆಗೆದು ದಾರಿ ಮಾಡಿ, ನೇರ ಹಾಕಿದರೆ ತಲೆ ಮುರಿಯುತ್ತದೆ.

7. ಸ್ಯಾಂಡ್ ಪೇಪರ್ 80, 120, 220 ಈ ಕ್ರಮದಲ್ಲಿ, ಎಳೆಯ ದಿಕ್ಕಿಗೇ ಉಜ್ಜಿ. ಮೂಲೆಗಳನ್ನು ದುಂಡಗೆ ಮಾಡಿ.

ಕೊನೆಗೆ ಎಣ್ಣೆ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಪದರು ಕಟ್ಟುತ್ತದೆ, ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಹಾಗಲ್ಲ. ಅವನ್ನು ಹಚ್ಚಿದರೆ ಧೂಳು ಹಿಡಿದು ಕಮಟು ವಾಸನೆ ಬರುತ್ತದೆ ಅಷ್ಟೇ. ಅಡುಗೆಗೆ ಗಾಣದಿಂದ ತಂದ ಅಗಸೆ ಎಣ್ಣೆಯೂ ಒಣಗುತ್ತದೆ, ಆದರೆ ವಾರಗಟ್ಟಲೆ ಕಾಯಬೇಕು. ಪೇಂಟ್ ಅಂಗಡಿಯ ಬಾಯಿಲ್ಡ್ ಲಿನ್ಸೀಡ್ ಎಣ್ಣೆ ಬೇಗ ಒಣಗುತ್ತದೆ. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಹೀರದೆ ಉಳಿದದ್ದನ್ನು ಪೂರ್ತಿ ಒರೆಸಿ. ಮರುದಿನ ಮತ್ತೆ. ಮೂರು ಸಲ ಸಾಕು.

ಒರೆಸಿದ ಬಟ್ಟೆ ಬಗ್ಗೆ ದಯವಿಟ್ಟು ಇದನ್ನು ಓದಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಬಿಸಿ ಹೊರಗೆ ಹೋಗಲಾರದೆ ತಾನಾಗಿಯೇ ಹೊತ್ತಿಕೊಳ್ಳಬಹುದು, ಕಡ್ಡಿ ಗೀರುವುದೇ ಬೇಡ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಪಕ್ಕದಲ್ಲಿ ಹೆರೆದ ಹೊಟ್ಟಿನ ರಾಶಿ ಇಟ್ಟುಕೊಂಡು ಈ ತಮಾಷೆ ಬೇಡ. ಬಟ್ಟೆಯನ್ನು ಹೊರಗೆ ತಂತಿ ಮೇಲೆ ಹರವಿ, ಇಲ್ಲವೇ ನೀರಲ್ಲಿ ನೆನೆಸಿಡಿ.

ಗೆದ್ದಲು ತಿಂದ ಚೌಕಟ್ಟು

ಮೊದಲು ಯಾವ ಹುಳ ಅಂತ ತಿಳಿಯಿರಿ. ಮಣ್ಣಿನ ಗೆರೆ ಗೋಡೆ ಹತ್ತಿ ಬಂದಿದ್ದರೆ, ಕಟ್ಟಿಗೆಯೊಳಗೆ ಮಣ್ಣು ತುಂಬಿದ್ದರೆ ಗೆದ್ದಲು. ಗುಂಡುಸೂಜಿ ತೂತು, ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ನುಸಿ. ನುಸಿ ಆ ಕಟ್ಟಿಗೆಯೊಳಗೇ ಇರುತ್ತದೆ, ಅಲ್ಲೇ ಔಷಧಿ ಹಾಕಿದರೆ ಆಯಿತು. ಗೆದ್ದಲಿನ ಮನೆ ನೆಲದೊಳಗೆ, ಚೌಕಟ್ಟು ಅದರ ಊಟದ ಜಾಗ ಮಾತ್ರ. ಚೌಕಟ್ಟಿಗೆ ಸೀಮೆಎಣ್ಣೆ ಬಳಿದು ಸುಮ್ಮನಾದರೆ ವಾರ ಬಿಟ್ಟು ಇನ್ನೊಂದು ಸಂದಿನಿಂದ ಬರುತ್ತದೆ.

ಟೊಳ್ಳಾದ ಭಾಗವನ್ನು ಗಟ್ಟಿ ಕಟ್ಟಿಗೆ ಸಿಗುವವರೆಗೆ ಕೆರೆದು ತೆಗೆಯಿರಿ. ಮಣ್ಣಿನ ಗೆರೆ ಹಿಂದಕ್ಕೆ ಎಲ್ಲಿಗೆ ಹೋಗುತ್ತದೆ ಅಂತ ಹುಡುಕಿ, ಗೋಡೆ ಮತ್ತು ಫರಸಿ ಕೂಡುವ ಸಂದಿಗೇ ಗೆದ್ದಲಿನ ಔಷಧಿ ಇಳಿಸಬೇಕು. ಇಮಿಡಾಕ್ಲೋಪ್ರಿಡ್ ಇರುವ ಗೆದ್ದಲಿನ ಔಷಧಿ ಸಿಗುತ್ತದೆ. ಎಷ್ಟು ನೀರಿಗೆ ಎಷ್ಟು ಅನ್ನುವುದು ಡಬ್ಬಿ ಮೇಲೆ ಬರೆದಿರುತ್ತದೆ, ಒಂದು ಹನಿ ಜಾಸ್ತಿಯೂ ಬೇಡ. ಕೈಗವಸು, ಮಾಸ್ಕ್ ಹಾಕಿ. ಮಕ್ಕಳನ್ನು ದೂರ ಇಡಿ. ಬಾವಿಯೋ ನೀರಿನ ತೊಟ್ಟಿಯೋ ಹತ್ತಿರ ಇದ್ದರೆ ನೀವು ಮಾಡಬೇಡಿ, ಗೊತ್ತಿದ್ದವರಿಂದ ಮಾಡಿಸಿ.

ಒಣಗಿದ ಮೇಲೆ ತುಂಬುವ ಕೆಲಸ. ಸಣ್ಣ ತೂತಿಗೆ ಅದೇ ಜಾತಿಯ ಕಟ್ಟಿಗೆಯ ನುಣ್ಣನೆ ಹೊಟ್ಟನ್ನು ಫೆವಿಕಾಲಿನಲ್ಲಿ ಕಲಸಿ ಒತ್ತಿ ತುಂಬಿ. ಒಣಗಿದಾಗ ತಗ್ಗಾಗುತ್ತದೆ, ಸ್ವಲ್ಪ ಉಬ್ಬಾಗಿಯೇ ಬಿಡಿ. ಪಾಲಿಶ್ ಮಾಡುವ ಜಾಗಕ್ಕೆ ಇದು ಬೇಡ, ಅಂಟು ಪಾಲಿಶ್ ಹೀರದೆ ಕಲೆ ಕಾಣುತ್ತದೆ. ಈ ಹೊಟ್ಟಿನ ಉಪಾಯ ನಮ್ಮ ಪಕ್ಕದಲ್ಲೇ ಬಹಳ ಹಳೆಯದು. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಗೋಣಿಚೂರು, ಕಟ್ಟಿಗೆ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿ ‘ಕಿಟ್ಟ’ ಅಂತ ಮಾಡುತ್ತಾರೆ, ಹಗುರ ಕಟ್ಟಿಗೆಯ ಗೊಂಬೆಯ ಮೈ ತುಂಬುವುದು ಅದರಿಂದ. ಆ ಗೊಂಬೆಗಳಿಗೆ ಭೌಗೋಳಿಕ ಸೂಚಕ (ಜಿಐ) ಗುರುತೂ ಇದೆ. ಆದರೆ ನೆಲ ಒರೆಸುವ ನೀರು ಬೀಳುವ ಚೌಕಟ್ಟಿನ ಬುಡಕ್ಕೆ ಹುಣಸೆಬೀಜದ ಅಂಟು ಹಚ್ಚಬೇಡಿ, ನಾನು ಹಚ್ಚಿ ನೋಡಿದ್ದೇನೆ, ಇರುವೆಗಳಿಗೆ ಹಬ್ಬವಾಯಿತು. ಅಲ್ಲಿಗೆ ಎಂ-ಸೀಲ್ ಥರದ ಎಪಾಕ್ಸಿ ಸರಿ. ಮೂರ್ನಾಲ್ಕು ಇಂಚು ಪೂರ್ತಿ ಹೋಗಿದ್ದರೆ ಅದು ಕೊಯ್ದು ಹೊಸ ತುಂಡು ಸೇರಿಸುವ ಕೆಲಸ, ಬಡಿಗರನ್ನೇ ಕರೆಯಿರಿ.

ಗೋಡೆಗೆ ತೂತು, ಸೋರುವ ನಲ್ಲಿ

ಗೋಡೆಗೆ ಶೆಲ್ಫ್ ಹಾಕುವಾಗ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ, ವೈರು ಅಲ್ಲೇ ಓಡಿರುತ್ತದೆ. ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಗ್ 6 ಮಿಲಿಮೀಟರಿನದಾದರೆ ಡ್ರಿಲ್ ಬಿಟ್ ಕೂಡ 6 ಮಿಲಿಮೀಟರಿನದು, 8ಕ್ಕೆ 8. ಗಿಲಾವಿನ ದಪ್ಪ ದಾಟಿ ಇಟ್ಟಿಗೆ ಅಥವಾ ಕಲ್ಲಿನೊಳಗೆ ಪ್ಲಗ್ ಕೂರಬೇಕು. ಗಿಲಾವಿನಲ್ಲೇ ಕೂತ ಪ್ಲಗ್ ಗಡಿಯಾರ ಹೊರುತ್ತದೆ, ಪುಸ್ತಕ ಹೊರುವುದಿಲ್ಲ.

ಹಳೆ ಥರದ ನಲ್ಲಿ ಹನಿಯುತ್ತಿದ್ದರೆ ತೊಂಬತ್ತು ಪಾಲು ಒಳಗಿನ ವಾಷರ್. ಮೇನ್ ವಾಲ್ವ್ ಮುಚ್ಚಿ, ಮೇಲಿನ ಭಾಗ ಸ್ಪ್ಯಾನರಿನಲ್ಲಿ ಬಿಚ್ಚಿ, ಹಳೆ ವಾಷರ್ ಅಂಗಡಿಗೆ ಒಯ್ದು ಅಂಥದ್ದೇ ತಂದು ಹಾಕಿ. ಬೋರ್ ನೀರಿನ ಮನೆಯಾದರೆ ಕೂರುವ ಜಾಗದಲ್ಲಿ ಬಿಳಿ ಉಪ್ಪು ಕಟ್ಟಿರುತ್ತದೆ, ನಿಂಬೆಹುಳಿ ಹಾಕಿ ಉಜ್ಜಿ ತೆಗೆಯಿರಿ, ಇಲ್ಲವಾದರೆ ಹೊಸ ವಾಷರೂ ತಿಂಗಳಿಗೆ ಹರಿಯುತ್ತದೆ. ನಲ್ಲಿಯನ್ನೇ ಬದಲಿಸಿದರೆ ಟೆಫ್ಲಾನ್ ಟೇಪನ್ನು ತಿರುಪಿನ ತುದಿ ನಿಮ್ಮ ಕಡೆ ಹಿಡಿದು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ.

ಹೆರೆದ ಬಾಗಿಲಿಗೆ ಪಟ್ಟಿ

ಕಾಕಾ ಕೇಳಿದ ಪ್ರಶ್ನೆಗೆ ಉತ್ತರ ಅವರೇ ಹೇಳಿಕೊಟ್ಟರು. ಜಾಸ್ತಿ ಹೆರೆದ ಬಾಗಿಲಿಗೆ ಪಟ್ಟಿ ಹಚ್ಚಬಹುದು. ಜನವರಿಯವರೆಗೆ ಕಾಯಿಸಿದರು, ಮಳೆಯ ತೇವ ಇಳಿದಿರಲಿ, ಬೇಸಿಗೆಯಷ್ಟು ಒಣಗಿಯೂ ಇರಬಾರದು ಅಂತ. ಬಾಗಿಲು ಇಳಿಸಿ ಚಿಲಕ ಬಿಚ್ಚಿದೆವು. ಕೀಲಿನ ಬದಿ ನೆಟ್ಟಗಿದ್ದರೆ ಅದನ್ನು ಮುಟ್ಟಬೇಡಿ, ಪಟ್ಟಿ ಚಿಲಕದ ಬದಿಗೆ. ನಾನು ಡೊಂಕಾಗಿ ಹೆರೆದಿದ್ದ ಅಂಚನ್ನು ಮೊದಲು ನೇರ ಮಾಡಬೇಕಾಯಿತು, ಅಂದರೆ ಇನ್ನೂ ಒಂದು ನೂಲು ಹೆರೆಯುವುದು, ಎದೆ ಝಲ್ ಅಂತು. ಆಮೇಲೆ ಹಳೆ ಕಿಟಕಿಯಿಂದ ಕೊಯ್ದ ಸಾಗವಾನಿ ಪಟ್ಟಿ, ಬೇಕಾದದ್ದಕ್ಕಿಂತ ಎರಡು ನೂಲು ದಪ್ಪಗೆ, ಎಳೆ ಬಾಗಿಲಿನ ಉದ್ದಕ್ಕೇ ಓಡುವ ಹಾಗೆ. ಎರಡರ ಎಳೆಯೂ ಒಂದೇ ದಿಕ್ಕಾದ್ದರಿಂದ ಇಲ್ಲಿ ಅಂಟು ಹಾಕಬಹುದು. ಫೆವಿಕಾಲ್ ಹಚ್ಚಿ, ಒಂಬತ್ತು ಇಂಚಿಗೊಂದು ತಲೆಯಿಲ್ಲದ ಸಣ್ಣ ಮೊಳೆ ಹೊಡೆದು ಪೂರ್ತಿ ಒಳಗೆ ಇಳಿಸಿ, ಹಗ್ಗದಲ್ಲಿ ಬಿಗಿದು ಒಂದು ದಿನ ಬಿಟ್ಟೆವು. ಮೊಳೆ ಎಷ್ಟು ಆಳ ಇಳಿಸಬೇಕು ಅಂದರೆ ಮುಂದೆ ಕೀಸುಳಿಗೆ ಸಿಗದಷ್ಟು. ಮರುದಿನ ಬಾಗಿಲು ನೇತುಹಾಕಿ, ಸೀಮೆಸುಣ್ಣ ಬಳಿದು, ಸ್ವಲ್ಪ ಸ್ವಲ್ಪವೇ ಹೆರೆದು, ಚೌಕಟ್ಟಿಗೂ ಬಾಗಿಲಿಗೂ ನಡುವೆ ಒಂದು ರೂಪಾಯಿ ನಾಣ್ಯ ಬಿಗಿಯಾಗಿ ಹಾಯುವಷ್ಟು ಸಂದಿಗೆ ನಿಲ್ಲಿಸಿದೆವು. ಅವತ್ತೇ ಸಂಜೆ ವಾರ್ನಿಶ್.

ಆ ಸೆಪ್ಟೆಂಬರಿನಲ್ಲಿ ಬಾಗಿಲು ಸ್ವಲ್ಪ ಬಿಗಿಯಾಯಿತು, ಭುಜ ಕೊಟ್ಟರೆ ತೆರೆಯುತ್ತಿತ್ತು. ಮನೆಯವರು ಕೀಸುಳಿ ತೆಗೆಯಿರಿ ಅಂದರು. ನಾನು ಮೇಣದಬತ್ತಿ ತಂದೆ.